ಇಥಿಯೋಪಿಯಾದ ಎತ್ತರದ ಎರೆ ಬಯಲು: ಬೆಳೆ ಹಳದಿಯಾದರೆ ದೋಷ ಹುಡುಕುವ ಕ್ರಮ

ಜುಲೈ ಕೊನೆಗೆ ಬೆಚೊ ಬಯಲಿನ ಗೋಧಿ ಹೊಲ ಹಳದಿಗೆ ತಿರುಗಿದರೆ ಮೊದಲು ಕೈ ಹೋಗುವುದು ಯೂರಿಯಾ ಚೀಲದ ಕಡೆಗೆ. ಆ ಕೈಯನ್ನು ಎರಡು ದಿನ ತಡೆದು ಹಿಡಿಯಿರಿ. ಬೇರು ಉಸಿರುಗಟ್ಟಿದರೂ ಎಲೆ ಹಳದಿ, ಸಾರಜನಕ ಸಾಲದಿದ್ದರೂ ಹಳದಿ, ಗಂಧಕ ಸಾಲದಿದ್ದರೂ ಹಳದಿ. ನೀರು ನಿಂತ ಹೊಲಕ್ಕೆ ಎರಚಿದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ, ಬೆಳೆ ಇದ್ದ ಹಾಗೆಯೇ ಇರುತ್ತದೆ, ದುಡ್ಡು ಹೋಗಿರುತ್ತದೆ. ಆದ್ದರಿಂದ ಈ ಮಣ್ಣಿನಲ್ಲಿ ಮೊದಲ ಪ್ರಶ್ನೆ ನೀರಿನದು: ಎಲ್ಲಿಂದ ಬಂತು, ಎಷ್ಟು ಆಳದಲ್ಲಿ ನಿಂತಿದೆ, ಯಾಕೆ ಹೋಗುತ್ತಿಲ್ಲ. ಗೊಬ್ಬರ, ಬೀಜ, ರೋಗದ ವಿಚಾರ ಆಮೇಲೆ.

ಇದು ಯಾವ ಮಣ್ಣು

ಅಡಿಸ್ ಅಬಾಬಾದ ಪಶ್ಚಿಮ ಮತ್ತು ನೈಋತ್ಯಕ್ಕೆ ಗಿಂಚಿ, ಬೆಚೊ ಬಯಲುಗಳು ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿವೆ. ಎಂಟೊಟೊ ಬೆಟ್ಟಸಾಲಿನ ಉತ್ತರಕ್ಕಿರುವ ಸುಲುಲ್ಟಾ ಹುಲ್ಲುಬಯಲು 2,500 ಮೀಟರಿಗೂ ಮೇಲೆ. ಸುತ್ತ ಜ್ವಾಲಾಮುಖಿ ಬೆಟ್ಟಗಳು. ಅವುಗಳ ಬಸಾಲ್ಟ್, ಟ್ರ್ಯಾಕೈಟ್, ಬೂದಿಗಲ್ಲು ಕೊಳೆತು, ಮಳೆಯಲ್ಲಿ ಇಳಿದು ಬಂದು ತಳದಲ್ಲಿ ಪದರ ಪದರವಾಗಿ ಕೂತಿದೆ. ಇಳಿಜಾರಿನಲ್ಲಿ ನೀರು ನಿಲ್ಲದೆ ಹರಿಯುವುದರಿಂದ ಸಿಲಿಕಾ, ಮೆಗ್ನೀಷಿಯಂ, ಕ್ಯಾಲ್ಸಿಯಂ ತೊಳೆದುಹೋಗಿ ಕಬ್ಬಿಣದ ಕೆಂಪು ಮಣ್ಣು ಉಳಿಯುತ್ತದೆ. ಹಾಗೆ ತೊಳೆದು ಬಂದದ್ದೆಲ್ಲ ತಳದಲ್ಲಿ ಸೇರಿಕೊಂಡು ಸ್ಮೆಕ್ಟೈಟ್ ಎಂಬ ಉಬ್ಬುವ ಜೇಡಿಯಾಗುತ್ತದೆ. ಒಂದೇ ಬೆಟ್ಟದ ಬೂದಿ ಮೇಲೆ ಕೆಂಪು, ಕೆಳಗೆ ಕಪ್ಪು. ಒರೊಮೊ ರೈತರು ಈ ಕಪ್ಪು ಮಣ್ಣಿಗೆ ಕೋಟಿಚಾ ಎನ್ನುತ್ತಾರೆ. ಮಣ್ಣು ವಿಜ್ಞಾನದಲ್ಲಿ ವರ್ಟಿಸಾಲ್. ಇಥಿಯೋಪಿಯಾದಲ್ಲಿ ಇಂಥ ನೆಲ ಸುಮಾರು 126 ಲಕ್ಷ ಹೆಕ್ಟೇರ್, ಅದರಲ್ಲಿ ಸುಮಾರು 76 ಲಕ್ಷ ಹೆಕ್ಟೇರ್ ಎತ್ತರದ ಪ್ರದೇಶದಲ್ಲಿದೆ.

ವಿಜಯಪುರ, ಕಲಬುರಗಿಯ ಎರೆಮಣ್ಣು ನೋಡಿದವರಿಗೆ ಇದು ಪರಿಚಿತವೇ. ಖನಿಜ ಒಂದೇ ಜಾತಿ, ಬಿರುಕು ಅದೇ, ಕಾಲಿಗೆ ಮೆತ್ತುವ ಪರಿಯೂ ಅದೇ. ಕಾಯಿಲೆ ಮಾತ್ರ ತಿರುಗುಮುರುಗು. ವಿಜಯಪುರದ ಕಡೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು, ಅಲ್ಲಿ ಚೌಕು ಮಡಿ ಕಟ್ಟಿ ಹನಿ ನೀರನ್ನೂ ಹಿಡಿಯಬೇಕು. ಬೆಚೊ ಬಯಲಿನಲ್ಲಿ ಅದೇ ಚೌಕು ಮಡಿ ಕಟ್ಟಿದರೆ ಬೆಳೆ ಮುಳುಗುತ್ತದೆ. ನಮ್ಮ ಎರೆಯ ಅನುಭವವನ್ನು ಅಲ್ಲಿಗೆ ಒಯ್ಯುವವರು ಮಣ್ಣಿನ ಗುಣದ ತಿಳಿವಳಿಕೆ ಒಯ್ಯಲಿ, ಬದು ಹಾಕುವ ಅಭ್ಯಾಸ ಬೇಡ.

ಮಣ್ಣು ಇದೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಲು ಬೇಸಿಗೆಯಲ್ಲಿ ಒಂದು ಮೀಟರ್ ಆಳದ ಗುಂಡಿ ತೆಗೆಯಿರಿ. ಮೇಲಿನಿಂದ ಅರ್ಧ ಮೀಟರ್ ಆಳದಲ್ಲೂ ಬಿರುಕು ಒಂದು ಸೆಂ.ಮೀ. ಅಗಲ ಇರಬೇಕು. ಅದರ ಕೆಳಗೆ ಹೆಂಟೆ ಒಡೆದಾಗ ಓರೆಯಾಗಿ, ಮೇಣ ಸವರಿದಂತೆ ಹೊಳೆಯುವ ಮುಖಗಳು ಕಾಣಬೇಕು. ಉಬ್ಬಿದ ಮಣ್ಣು ಒಂದರ ಮೇಲೊಂದು ಜಾರಿ ತಿಕ್ಕಿದ ಗುರುತು ಅದು. ಬಣ್ಣ ಕಪ್ಪು ಎಂದಷ್ಟಕ್ಕೆ ಫಲವತ್ತು ಎಂದುಕೊಳ್ಳಬೇಡಿ. ಸ್ವಲ್ಪವೇ ಜೈವಿಕ ಅಂಶ ಜೇಡಿಗೆ ಬಿಗಿಯಾಗಿ ಅಂಟಿದರೂ ಇಷ್ಟು ಕಪ್ಪಾಗುತ್ತದೆ. ಸಾರಜನಕ, ರಂಜಕ ಎರಡಕ್ಕೂ ಈ ನೆಲದಲ್ಲಿ ಸಾಮಾನ್ಯವಾಗಿ ಬರವೇ.

ಉಬ್ಬುವ ಅಳತೆ ಬೇಕಿದ್ದರೆ ಭಾರತದ ಮಣ್ಣು ಪರೀಕ್ಷಾ ಶಾಲೆಗಳಲ್ಲಿ ರೂಢಿಯಲ್ಲಿರುವ ಮುಕ್ತ ಉಬ್ಬು ಪರೀಕ್ಷೆ ಸಾಕು. 425 ಮೈಕ್ರಾನ್ ಜರಡಿಯಲ್ಲಿ ಜಾರಿದ ಒಣ ಮಣ್ಣು 10 ಗ್ರಾಂ ನೀರಿನಲ್ಲಿ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಯಲ್ಲಿ, ಎರಡೂ 100 ಮಿ.ಲೀ. ಅಳತೆ ಕೊಳವೆಯಲ್ಲಿ 24 ಗಂಟೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಎರಡರ ಗಾತ್ರದ ವ್ಯತ್ಯಾಸವನ್ನು ಸೀಮೆಎಣ್ಣೆಯ ಗಾತ್ರದಿಂದ ಭಾಗಿಸಿ 100ರಿಂದ ಗುಣಿಸಿ. 100 ದಾಟಿದರೆ ಮುಂದೆ ಹೇಳುವುದೆಲ್ಲ ನಿಮ್ಮ ಹೊಲಕ್ಕೆ ಅನ್ವಯಿಸುತ್ತದೆ.

ನೀರಿನ ಲೆಕ್ಕ

ಜುಲೈ, ಆಗಸ್ಟ್‌ನಲ್ಲಿ ಅಡಿಸ್ ಅಬಾಬಾ ಸುತ್ತ ತಿಂಗಳಿಗೆ 250 ಮಿ.ಮೀ.ಗೂ ಹೆಚ್ಚು ಮಳೆ, ಅಂದರೆ ದಿನಕ್ಕೆ 8 ಮಿ.ಮೀ. ಮೋಡ, ತಂಪು ಇರುವುದರಿಂದ ಬೆಳೆ ಮತ್ತು ನೆಲ ಸೇರಿ ದಿನಕ್ಕೆ ಸುಮಾರು 3 ಮಿ.ಮೀ. ಮಾತ್ರ ಹೊರಹಾಕುತ್ತವೆ. ಬಿರುಕು ತೆರೆದಿರುವಷ್ಟು ದಿನ ಮೊದಲ ಮಳೆಗಳೆಲ್ಲ ಒಳಗೆ ಸುರಿದುಹೋಗುತ್ತವೆ, ನೆಲ ಚೆನ್ನಾಗಿ ಕುಡಿಯುತ್ತಿದೆ ಎನಿಸುತ್ತದೆ. ಜೇಡಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ಕೆಳಕ್ಕೆ ಇಂಗುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಉಳಿದ 5 ಮಿ.ಮೀ. ಅಂದರೆ ಒಂದು ಹೆಕ್ಟೇರಿಗೆ ದಿನಕ್ಕೆ 50,000 ಲೀಟರ್. ಅದಕ್ಕೆ ಅಡ್ಡ ಹರಿದು ಹೋಗುವ ದಾರಿ ಒಂದೇ ಗತಿ. ಮೇಲಿನ ಕೆಂಪು ಇಳಿಜಾರಿನಿಂದ ಬರುವ ನೀರು ಈ ಲೆಕ್ಕಕ್ಕೆ ಸೇರಿಲ್ಲ.

ಮೊದಲ ಪರೀಕ್ಷೆ: ಎರಡು ಆಳದ ಕೊಳವೆ

ಹಳದಿ ಕಂಡ ಜಾಗದಲ್ಲಿ ಒಂದು ಜೋಡಿ, ಬೆಳೆ ಹಸಿರಿರುವ ಜಾಗದಲ್ಲಿ ಒಂದು ಜೋಡಿ, ಬೆಟ್ಟದ ಕಡೆಯ ಅಂಚಿನಲ್ಲಿ ಒಂದು ಜೋಡಿ ಕುಳಿ ತೆಗೆಯಿರಿ. ಜೋಡಿಯಲ್ಲಿ ಒಂದು 20 ಸೆಂ.ಮೀ. ಆಳ, ಇನ್ನೊಂದು 60 ಸೆಂ.ಮೀ., ನಡುವೆ ಒಂದು ಹೆಜ್ಜೆ ಅಂತರ. ಬೈರಿಗೆ ತಿರುಗಿಸುವಾಗ ಕುಳಿಯ ಗೋಡೆ ನುಣುಪಾಗಿ ಮುಚ್ಚಿಕೊಳ್ಳುತ್ತದೆ. ತಂತಿ ಬ್ರಶ್ಶಿನಿಂದ ಅದನ್ನು ಕೆರೆದು ಬಿಡಿಸದಿದ್ದರೆ ನೀರು ಒಳಗೆ ಬರುವುದೇ ಇಲ್ಲ, ಪರೀಕ್ಷೆ ಸುಳ್ಳು ಹೇಳುತ್ತದೆ. ತುದಿಯ 10 ಸೆಂ.ಮೀ. ತೂತು ಕೊರೆದ ಪಿವಿಸಿ ಕೊಳವೆ ಇಳಿಸಿ, ಸುತ್ತ ಹಸಿ ಜೇಡಿಯನ್ನು ಒತ್ತಿ ಮೆತ್ತಿ. ಮೇಲಿನ ನೀರು ಪಕ್ಕದಿಂದ ಇಳಿಯಬಾರದು. ಬಾಯಿಗೆ ಮುಚ್ಚಳ. ಎರಡು ದಿನ ಬಿಟ್ಟು ಕಡ್ಡಿ ಇಳಿಸಿ ಅಳೆಯಿರಿ, ಆಮೇಲೆ ಮಳೆ ಬಿಡುವು ಕೊಟ್ಟ ಮೂರನೇ ದಿನ ಮತ್ತೊಮ್ಮೆ.

20ರಲ್ಲಿ ನೀರಿದ್ದು 60 ಒಣಗಿದ್ದರೆ ನೀರು ಮೇಲ್ಪದರದಲ್ಲೇ ಸಿಕ್ಕಿಕೊಂಡಿದೆ. ಅದು ಹೊಲದ್ದೇ ಮಳೆ. ಬೋದು (ಎತ್ತರಿಸಿದ ಮಣ್ಣಿನ ಪಟ್ಟಿ) ಮತ್ತು ಸಾಲಿನಿಂದ ಸರಿಹೋಗುತ್ತದೆ. ಎರಡರಲ್ಲೂ ನೀರಿದ್ದು, ಬೆಟ್ಟದಂಚಿನ ಜೋಡಿ ಮೂರನೇ ದಿನವೂ ತುಂಬಿದ್ದು, ನಡುಹೊಲದ್ದು ಇಳಿದಿದ್ದರೆ ಮೇಲಿನಿಂದ ನೀರು ಬರುತ್ತಿದೆ. ಆಗ ಹೊಲದೊಳಗೆ ಎಷ್ಟು ಬೋದು ಎಳೆದರೂ ಪ್ರಯೋಜನವಿಲ್ಲ. ಕೆಂಪು ಮಣ್ಣು ಮುಗಿದು ಕಪ್ಪು ಶುರುವಾಗುವ ಗೆರೆಯಲ್ಲಿ ನೀರನ್ನು ತಡೆದು ಪಕ್ಕಕ್ಕೆ ತಿರುಗಿಸುವ ಕಾಲುವೆ ಬೇಕು. ಎರಡೂ ಒಣಗಿದ್ದು ಎಲೆ ಹಳದಿಯಿದ್ದರೆ ಮಾತ್ರ ಗೊಬ್ಬರದ ಮಾತು.

ಕೊಳವೆ ಹಾಕಲು ಪುರುಸೊತ್ತಿಲ್ಲದಿದ್ದರೆ ಸನಿಕೆಯಿಂದ ಒಂದು ಗಿಡ ಮಣ್ಣು ಸಮೇತ ಎತ್ತಿ. ಬೇರು ಬಿಳಿಯಾಗಿ ಗಟ್ಟಿಯಿದ್ದರೆ ಉಸಿರಿಗೆ ತೊಂದರೆಯಿಲ್ಲ. ಕಂದು ತಿರುಗಿ ಮೆತ್ತಗಾಗಿದ್ದರೆ, ಮಣ್ಣು ನೀಲಿ ಬೂದಿ ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಅಲ್ಲಿ ಆಮ್ಲಜನಕ ಮುಗಿದು ದಿನಗಳಾಗಿವೆ. ಬೇರಿನ ದಾರಿಯುದ್ದಕ್ಕೂ ತುಕ್ಕಿನ ಗೆರೆ ಮಾತ್ರ ಇದ್ದರೆ ನೀರು ಬಂದು ಹೋಗುತ್ತಿದೆ, ಇನ್ನೂ ಉಳಿಸಿಕೊಳ್ಳಬಹುದು.

ಎರಡನೇ ಪರೀಕ್ಷೆ: ನೀರೋ ಗೊಬ್ಬರವೋ

ಕೊಳವೆ ಹೇಳಿದ್ದು ಅಸ್ಪಷ್ಟವಾದರೆ ಹಳದಿ ಜಾಗದಲ್ಲೇ 2 ಮೀಟರ್ ಅಗಲ, 5 ಮೀಟರ್ ಉದ್ದದ ನಾಲ್ಕು ಪಟ್ಟಿ ಗುರುತಿಸಿ. ಎರಡು ಪಟ್ಟಿಗಳ ಸುತ್ತ 15 ಸೆಂ.ಮೀ. ಆಳದ ಸಾಲು ತೋಡಿ ನೀರು ಹೊರಹೋಗುವಂತೆ ಮಾಡಿ, ಎರಡನ್ನು ಹಾಗೆಯೇ ಬಿಡಿ. ತೋಡಿದ್ದರಲ್ಲಿ ಒಂದಕ್ಕೆ, ಬಿಟ್ಟಿದ್ದರಲ್ಲಿ ಒಂದಕ್ಕೆ 50 ಗ್ರಾಂ ಯೂರಿಯಾ. ಅದು ಹೆಕ್ಟೇರಿಗೆ 50 ಕಿಲೋ ಲೆಕ್ಕ. ಹತ್ತು ದಿನ ಕಾಯಿರಿ.

ಯೂರಿಯಾ ಬಿದ್ದ ಎರಡೂ ಪಟ್ಟಿ ಹಸಿರಾದರೆ ಕೊರತೆ ಸಾರಜನಕದ್ದು. ತೋಡಿದ ಎರಡೂ ಹಸಿರಾದರೆ ದೋಷ ನೀರಿನದು, ಗೊಬ್ಬರ ಮಣ್ಣಿನಲ್ಲೇ ಇತ್ತು, ಬೇರಿಗೆ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ತೋಡಿ ಯೂರಿಯಾ ಕೊಟ್ಟ ಒಂದೇ ಪಟ್ಟಿ ಹಸಿರಾದರೆ ಎರಡೂ ಸೇರಿದೆ, ಈ ಬಯಲುಗಳಲ್ಲಿ ನಿರೀಕ್ಷಿಸಬೇಕಾದದ್ದೂ ಅದನ್ನೇ. ಒಂದೂ ಹಸಿರಾಗದಿದ್ದರೆ ಎಲೆ ನೋಡಿ: ಕೆಳಗಿನ ಹಳೆಯ ಎಲೆ ತುದಿಯಿಂದ ಹಳದಿಯಾಗುವುದು ಸಾರಜನಕ, ಮೇಲಿನ ಎಳೆ ಎಲೆ ಮೊದಲು ಬಿಳಿಚುವುದು ಗಂಧಕ, ಕಾಂಡ ನೇರಳೆಯಾಗಿ ಗಿಡ ಕುಳ್ಳಾಗುವುದು ರಂಜಕ. ಆ ದೇಶದಲ್ಲಿ ಬಹಳ ವರ್ಷ ಎಲ್ಲ ಹೊಲಕ್ಕೂ ಹೆಕ್ಟೇರಿಗೆ 100 ಕಿಲೋ ಡಿಎಪಿ, 100 ಕಿಲೋ ಯೂರಿಯಾ ಎಂಬ ಒಂದೇ ಶಿಫಾರಸು ಇತ್ತು. ಅದರಲ್ಲಿ ಗಂಧಕ ಇಲ್ಲ. ಈಚೆಗೆ ಗಂಧಕ ಸೇರಿಸಿದ ಎನ್‌ಪಿಎಸ್ ಗೊಬ್ಬರ ಬಂದಿರುವುದು ಅದಕ್ಕೇ.

ಯೂರಿಯಾವನ್ನು ಬಿತ್ತನೆಗೆ ಅರ್ಧ, ತೆಂಡೆ ಒಡೆಯುವಾಗ ಅರ್ಧ ಕೊಡಬೇಕು. ಎರಡನೇ ಕಂತು ಸಾಲಿನಲ್ಲಿ ನೀರು ಹರಿದು ಮುಗಿದ ದಿನ ಬೋದಿನ ಮೇಲೆ ಬೀಳಲಿ. ಸಾಲಿಗೆ ಬಿದ್ದದ್ದು ನೇರ ಕಾಲುವೆಗೆ ಹೋಗುತ್ತದೆ.

ಬೋದು ಇದೆ, ಆದರೂ ನೀರು ನಿಂತಿದೆ

ಇಲ್ಲಿಯ ಅಗಲ ಬೋದಿನ ಪದ್ಧತಿಗೆ ಎರಡು ಬೇರು. ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ದಖ್ಖನ್ ಎರೆಗೆಂದು ರೂಪಿಸಿದ್ದು ಒಂದು: 100 ಸೆಂ.ಮೀ. ಬೋದು, 50 ಸೆಂ.ಮೀ. ಸಾಲು. ಇಥಿಯೋಪಿಯಾದಲ್ಲೇ ಇನೆವಾರಿ ಕಡೆ ಹೆಂಗಸರು, ಮಕ್ಕಳು ಬರಿಗೈಯಲ್ಲಿ ಮಣ್ಣು ಎತ್ತಿ ಬೋದು ಕಟ್ಟುತ್ತಿದ್ದದ್ದು ಇನ್ನೊಂದು. 1980ರ ದಶಕದಲ್ಲಿ ಅಡಿಸ್ ಅಬಾಬಾದ ಅಂತರರಾಷ್ಟ್ರೀಯ ಜಾನುವಾರು ಕೇಂದ್ರ ಮತ್ತು ಇಕ್ರಿಸ್ಯಾಟ್ ಸೇರಿ, ಸ್ಥಳೀಯ ಮರದ ನೇಗಿಲಾದ ಮರೆಷಾಗಳನ್ನು ಜೋಡಿಸಿ ಒಂದು ಜೊತೆ ಎತ್ತು ಎಳೆಯುವಂಥ ಬೋದು ಮಾಡುವ ಸಲಕರಣೆ ತಯಾರಿಸಿದವು. ಅದರ ಅಳತೆ 80 ಸೆಂ.ಮೀ. ಬೋದು, 40 ಸೆಂ.ಮೀ. ಸಾಲು. ಆ ಎತ್ತುಗಳ ಶಕ್ತಿಗೆ ಇದೇ ಸರಿ. ಇಕ್ರಿಸ್ಯಾಟಿನ ಅಗಲವನ್ನು ಅಲ್ಲಿ ಪಟ್ಟು ಹಿಡಿದು ಮಾಡಬೇಕಾಗಿಲ್ಲ.

ಬೋದು ಸೋತಲ್ಲಿ ಮೊದಲು ನೋಡಬೇಕಾದದ್ದು ಬೋದನ್ನಲ್ಲ, ಸಾಲಿನ ತುದಿಯನ್ನು. ಸಾಲು ಹೊಲದಂಚಿನ ದಿಣ್ಣೆಗೆ ಬಡಿದು ನಿಂತಿರುತ್ತದೆ, ಅಥವಾ ಪಕ್ಕದವರ ಹೊಲಕ್ಕೆ ಬಾಯಿ ತೆರೆದಿರುತ್ತದೆ ಮತ್ತು ಅವರು ಅದನ್ನು ಮುಚ್ಚಿರುತ್ತಾರೆ. ಅವರು ಮುಚ್ಚಿದ್ದರಲ್ಲಿ ತಪ್ಪಿಲ್ಲ, ಅವರ ಬೆಳೆಯೂ ಮುಳುಗಬಾರದಲ್ಲ. ಮೇಲಿನ ಹೊಲದಿಂದ ಹಳ್ಳದವರೆಗೆ ಎಲ್ಲರೂ ಕೂಡಿ ಒಂದು ಸಾಮೂಹಿಕ ಕಾಲುವೆ ತೋಡುವವರೆಗೆ ಒಬ್ಬನ ಬೋದು ಇನ್ನೊಬ್ಬನ ಕೆರೆ. ಈ ತಂತ್ರ ಹಲವು ಕಡೆ ನಿಂತುಹೋಗಲು ಸಲಕರಣೆಗಿಂತ ದೊಡ್ಡ ತೊಡಕು ಇದೇ. ಜೂನ್ ಮೊದಲೇ ನೆರೆಹೊರೆಯವರನ್ನು ಕರೆದು ಕಾಲುವೆಯ ಜಾಗ ಗೊತ್ತುಮಾಡಿಕೊಳ್ಳಿ. ಮಳೆ ಹಿಡಿದ ಮೇಲೆ ಮಾತು ಜಗಳಕ್ಕೆ ತಿರುಗುತ್ತದೆ.

ಬಾಯಿ ತೆರೆದಿದ್ದರೂ ನೀರು ನಿಂತರೆ ಇಳಿಜಾರು ಅಳೆಯಿರಿ. ಗಾರೆ ಕೆಲಸದವರ ಲೆವೆಲ್ ಪೈಪು ಸಾಕು: ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಯಿಲ್ಲದಂತೆ ನೀರು ತುಂಬಿ, ಎರಡು ಅಳತೆ ಕೋಲಿಗೆ ಕಟ್ಟಿ, 10 ಮೀಟರಿಗೊಮ್ಮೆ ಓದಬೇಕು. 10 ಮೀಟರಿಗೆ 4ರಿಂದ 8 ಸೆಂ.ಮೀ. ಇಳಿತ ಬೇಕು. ಅದಕ್ಕಿಂತ ಕಡಿಮೆಯಾದರೆ ನೀರು ಕೂರುತ್ತದೆ, ಹೆಚ್ಚಾದರೆ ಸಾಲು ಕೊರೆದು ಕಂದಕವಾಗುತ್ತದೆ. ಒಟ್ಟು ಇಳಿತ ಸರಿಯಿದ್ದು ನಡುನಡುವೆ ಗುಳಿ ಸಿಕ್ಕರೆ ಅದು ಮಣ್ಣಿನ ಸ್ವಂತ ಕೆಲಸ. ವರ್ಷವರ್ಷವೂ ಉಬ್ಬಿ ಕುಗ್ಗುವ ನೆಲ ತಾನೇ ಉಬ್ಬು ಗುಳಿ ಏಳಿಸುತ್ತದೆ, ಹಿಂದಿನ ವರ್ಷ ಮಟ್ಟ ಮಾಡಿದ್ದು ಈ ವರ್ಷ ಇರುವುದಿಲ್ಲ. ಪ್ರತಿ ವರ್ಷ ಅಳೆಯಲೇಬೇಕು.

ಸಾಲಿನ ದಡ ಕರಗಿ ಕುಸಿಯುತ್ತಿದ್ದರೆ ಮಣ್ಣು ಚದುರುವ ಜಾತಿಯದೇ ನೋಡಿ. ಗಾಜಿನ ಲೋಟದಲ್ಲಿ ಮಳೆ ನೀರು, ಅದರೊಳಗೆ 3-5 ಮಿ.ಮೀ. ಗಾತ್ರದ ಒಣ ಹರಳು, ಅಲುಗಾಡಿಸದೆ. ಹರಳು ಸಡಿಲವಾಗಿ ಉದುರಿ ನೀರು ತಿಳಿಯಾಗಿಯೇ ಇದ್ದರೆ ಚಿಂತೆಯಿಲ್ಲ. 10 ನಿಮಿಷದಲ್ಲೋ 2 ಗಂಟೆಯಲ್ಲೋ ಸುತ್ತ ಹಾಲಿನಂಥ ಮೋಡ ಕಟ್ಟಿದರೆ ಸೋಡಿಯಂ ಇದೆ ಎಂಬ ಅನುಮಾನ, ಪ್ರಯೋಗಾಲಯಕ್ಕೆ ಕಳಿಸಿ. ಬೇಕಾದಷ್ಟು ಮಳೆ ತೊಳೆಯುವ ಎತ್ತರದ ಬಯಲುಗಳಲ್ಲಿ ಈ ದೋಷ ವಿರಳ; ತಗ್ಗಿನ ಬಿರುಕು ಕಣಿವೆಗೆ (ರಿಫ್ಟ್ ವ್ಯಾಲಿ) ಇಳಿದಂತೆ ಹೆಚ್ಚು. ಇದ್ದದ್ದೇ ಆದರೆ ಮೇಲಿನ 15 ಸೆಂ.ಮೀ. ಮಣ್ಣಿನಲ್ಲಿ ಕಿಲೋಗೆ ಒಂದು ಸೆಂಟಿಮೋಲ್ (ಪ್ರಯೋಗಾಲಯದ ವರದಿಯ ಅಳತೆ) ಸೋಡಿಯಂ ಬಿಡಿಸಲು ಹೆಕ್ಟೇರಿಗೆ ಶುದ್ಧ ಜಿಪ್ಸಮ್ ಸುಮಾರು 1.7 ಟನ್ ಬೇಕು. ಬಸಿಯುವ ದಾರಿ ಮಾಡದೆ ಹಾಕಿದ ಜಿಪ್ಸಮ್ ವ್ಯರ್ಥ, ಬಿಡಿಸಿದ ಸೋಡಿಯಂ ಹೊರಹೋಗಬೇಕಲ್ಲ. ನಮ್ಮ ನೀರಾವರಿ ಪ್ರದೇಶಗಳ ಸವಳು ಭೂಮಿಗೂ ಇದೇ ಮಾತು.

ನೇಗಿಲು ಇಳಿಯುವುದಿಲ್ಲ, ಇಳಿದರೆ ಬಿಡುವುದಿಲ್ಲ

ಒಣಗಿದಾಗ ಕಲ್ಲು, ನೆನೆದಾಗ ಅಂಟು, ನಡುವಿನ ಹದ ಕೆಲವೇ ದಿನ. 10 ಸೆಂ.ಮೀ. ಆಳದ ಮಣ್ಣು ತೆಗೆದು ಅಂಗೈಯಲ್ಲಿ ಶ್ಯಾವಿಗೆಯಂತೆ ಹೊಸೆಯಿರಿ. 3 ಮಿ.ಮೀ.ಗಿಂತ ತೆಳ್ಳಗೆ ಎಳೆದರೂ ತುಂಡಾಗದಿದ್ದರೆ ಎತ್ತು ಹೂಡಬೇಡಿ. 3 ಮಿ.ಮೀ. ಬರುವ ಮೊದಲೇ ಪುಡಿಯಾಗಿ ಒಡೆದು, ಹೆಂಟೆ ಹೆಬ್ಬೆರಳ ಒತ್ತಿಗೆ ಬಿಚ್ಚಿದರೆ ಹದ ಬಂದಿದೆ. ಮೇಲ್ಮೈ ನೋಡಿ ತೀರ್ಮಾನಿಸುವುದು ತಪ್ಪು; ಮೇಲೆ ಒಣಗಿ ಕೆಳಗೆ ಅಂಟಾಗಿರುವುದು ಇಲ್ಲಿ ದಿನನಿತ್ಯದ ಸಂಗತಿ.

ಮರೆಷಾ 10-15 ಸೆಂ.ಮೀ. ಮಾತ್ರ ಇಳಿಯುತ್ತದೆ. ಹಸಿಯಲ್ಲಿ ಅದೇ ಆಳಕ್ಕೆ ಮತ್ತೆ ಮತ್ತೆ ಉತ್ತರೆ ಅಡಿಯಲ್ಲಿ ಗಡಸು ಪದರ ಕಟ್ಟುತ್ತದೆ. 10 ಮಿ.ಮೀ. ಕಬ್ಬಿಣದ ಸರಳನ್ನು ಒದ್ದೆ ನೆಲಕ್ಕೆ ಒತ್ತಿದಾಗ ಆ ಆಳದಲ್ಲಿ ತಡೆದು, ಆಮೇಲೆ ಸಲೀಸಾಗಿ ಇಳಿದರೆ ಅದು ಪದರವೇ. ಇದಕ್ಕಾಗಿ ಟ್ರ್ಯಾಕ್ಟರ್ ತರಿಸಿ ಆಳ ಉಳುಮೆ ಮಾಡಿಸುವುದು ದಂಡ ಎಂಬುದು ನಮ್ಮ ಅಭಿಪ್ರಾಯ. ಉಬ್ಬುವ ಜೇಡಿ ಚೆನ್ನಾಗಿ ಒಣಗಿದರೆ ಬಿರುಕು ಬಿಟ್ಟು ಪದರವನ್ನು ತಾನೇ ಒಡೆಯುತ್ತದೆ. ಮಳೆ ಮುಗಿಯುವಾಗ ಕಡಲೆ ಬಿತ್ತಿ. ಆಳಕ್ಕೆ ಇಳಿಯುವ ಬೇರು ನೀರು ಹೀರಿ ನೆಲ ಒಣಗಿಸಿ ಆ ಕೆಲಸ ಮಾಡುತ್ತದೆ.

ಮಳೆ ನಿಂತ ಮೇಲಿನ ದೋಷಗಳು

ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಉಳಿದ ತೇವದ ಮೇಲೆ ಬಿತ್ತುವುದು ಅಲ್ಲಿನ ಹಳೆಯ ರೂಢಿ, ನಮ್ಮ ಹಿಂಗಾರಿ ಜೋಳದ ಹಾಗೆ. ಮುಳುಗುವ ಭಯ ತಪ್ಪುತ್ತದೆ, ಆದರೆ ಕಾಳು ತುಂಬುವ ಹೊತ್ತಿಗೆ ನೆಲ ಬಿರಿದು ಬೇರು ಹರಿಯುತ್ತದೆ. ಉತ್ತರ ಕರ್ನಾಟಕದಲ್ಲಿ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ. ಎರಚಿ ಬಿತ್ತಿದ ಹೊಲದಲ್ಲಿ ಅದಕ್ಕೆ ದಾರಿಯೇ ಇಲ್ಲ, ಸಾಲು ಬಿತ್ತನೆ ಬೇಕು. ಬೋದು ಮಾಡಿ ನೀರು ಹೊರಹಾಕುವ ವ್ಯವಸ್ಥೆ ಇದ್ದವರು ಗೋಧಿಯನ್ನು ಜೂನ್ ಕೊನೆ, ಜುಲೈ ಮೊದಲಿಗೇ ಬಿತ್ತಬಹುದು. ಬೋದಿನಿಂದ ಸಿಗುವ ನಿಜವಾದ ಲಾಭ ಈ ಎರಡು ತಿಂಗಳೇ.

ಅಕ್ಟೋಬರಿನಲ್ಲಿ ತಗ್ಗಿನ ಬೆಳೆಯ ತೆನೆ ಬೆಳ್ಳಗೆ ಜೊಳ್ಳಾಗಿ ನಿಂತರೆ ನೀರಿನ ಮೇಲೆ ತಪ್ಪು ಹೊರಿಸುವ ಮುಂಚೆ ಬೇರು ಕಿತ್ತು ನೋಡಿ. ತಣ್ಣನೆಯ ಗಾಳಿಯೂ ನೀರಿನಂತೆಯೇ ಬೆಟ್ಟದಿಂದ ಇಳಿದು ತಳದಲ್ಲಿ ಕೂರುತ್ತದೆ. ಸುಲುಲ್ಟಾ, ಶೆನೊದಂಥ ಎತ್ತರದಲ್ಲಿ ಮಂಜು ಹೆಪ್ಪುಗಟ್ಟಿ ಹೂ ಸುಡುವುದು ಅದೇ ತಗ್ಗುಗಳಲ್ಲಿ. ಬೇರು ಆರೋಗ್ಯವಾಗಿದ್ದು ತೆನೆ ಮಾತ್ರ ಸತ್ತಿದ್ದರೆ ಅದು ಚಳಿ. ಅದಕ್ಕೆ ಕಾಲುವೆ ಮದ್ದಲ್ಲ, ಬಿತ್ತನೆ ದಿನ ಬದಲಿಸಬೇಕು.

ಶೆನೊ ಕಡೆ ಬಾರ್ಲಿಗೆ ಮುನ್ನ ಮಣ್ಣನ್ನೇ ಗುಡ್ಡೆ ಹಾಕಿ ಸುಡುವ ಗುಯೆ ಎಂಬ ಪದ್ಧತಿ ಇದೆ. ಸುಟ್ಟ ಮಣ್ಣು ಪುಡಿಯಾಗಿ ನೀರು ಬಿಡುತ್ತದೆ, ರಂಜಕ ಬಿಡುಗಡೆಯಾಗುತ್ತದೆ, ಮೊದಲ ಬೆಳೆ ಚೆನ್ನಾಗಿ ಬರುತ್ತದೆ. ಜೈವಿಕ ಅಂಶ ಮತ್ತು ಸಾರಜನಕ ಸುಟ್ಟುಹೋದದ್ದು ಆಮೇಲೆ ಗೊತ್ತಾಗುತ್ತದೆ, ಬಳಿಕ ಹೊಲ ಹತ್ತು ಹದಿನೈದು ವರ್ಷ ಬೀಳು ಬಿಡಬೇಕಾಗುತ್ತದೆ. ಬೆಳೆ ಎರಡನೇ ಮೂರನೇ ವರ್ಷ ಕುಸಿದ ಹೊಲದಲ್ಲಿ ಇಟ್ಟಿಗೆ ಬಣ್ಣದ ಚೂರು ಸಿಕ್ಕರೆ ಕಾರಣ ಬೇರೆಲ್ಲೂ ಹುಡುಕಬೇಡಿ.

ಹುಲ್ಲುಗಾವಲು: ಹೊರೆ ಅಷ್ಟೇ, ಹಾಲು ಕಡಿಮೆ

ಸುಲುಲ್ಟಾ ಬಯಲಿನ ಒಣಹುಲ್ಲು ಅಡಿಸ್ ಅಬಾಬಾದ ಹಸುಗಳಿಗೆ ಹೋಗುತ್ತದೆ. ಹೊರೆ ಕಡಿಮೆಯಾಗದೆ ಮೇವಿನ ಸತ್ವ ಕಡಿಮೆಯಾದರೆ ಅರ್ಧ ಮೀಟರ್ ಚೌಕದ ಕಟ್ಟನ್ನು ಹತ್ತು ಕಡೆ ಇಟ್ಟು ಕೊಯ್ದು, ಹುಲ್ಲು, ಕ್ಲೋವರ್ (ದ್ವಿದಳ ಮೇವಿನ ಗಿಡ), ಜೇಕು ಎಂದು ಮೂರು ಪಾಲು ಮಾಡಿ ಒಣಗಿಸಿ ತೂಗಿ. ಕಾಂಡ ಬೆರಳಲ್ಲಿ ಹೊರಳಿಸಿದಾಗ ಮೂರು ಮೂಲೆ ಸಿಕ್ಕರೆ ಜೇಕು. ಅದರ ಪಾಲು ವರ್ಷದಿಂದ ವರ್ಷಕ್ಕೆ ಏರಿದರೆ ನೀರು ಮೊದಲಿಗಿಂತ ಹೆಚ್ಚು ದಿನ ನಿಲ್ಲುತ್ತಿದೆ. ಮೇಲೆ ಹೊಸ ರಸ್ತೆಯೋ ಕಟ್ಟಡವೋ ಹಳೆಯ ಹರಿವನ್ನು ತಿರುಗಿಸಿದೆಯೇ ನೋಡಿ.

ಕ್ಲೋವರ್ ಮಾಯವಾಗಿದ್ದರೆ ಎರಡು ಕಾರಣ. ಅಲ್ಲಿನ ಕಾಡು ಕ್ಲೋವರ್‌ಗಳಲ್ಲಿ ಹಲವು ಒಂದೇ ವರ್ಷದ ಗಿಡಗಳು, ಬೀಜ ಉದುರುವ ಮೊದಲೇ ಮೇಯಿಸಿದರೆ ಮುಂದಿನ ವರ್ಷ ಇರುವುದಿಲ್ಲ. ಇಲ್ಲವೇ ರಂಜಕ ಸಾಲದು: 10 ಚದರ ಮೀಟರ್ ಪಟ್ಟಿಗೆ 100 ಗ್ರಾಂ ಟ್ರಿಪಲ್ ಸೂಪರ್ ಫಾಸ್ಫೇಟ್ ಎರಚಿ, ಪಕ್ಕದ ಪಟ್ಟಿಯೊಡನೆ ಹೋಲಿಸಿ. ಯೂರಿಯಾ ಇಲ್ಲಿ ಬೇಡ, ಅದು ಹುಲ್ಲನ್ನು ಎಬ್ಬಿಸಿ ಕ್ಲೋವರನ್ನು ನೆರಳಿಗೆ ತಳ್ಳುತ್ತದೆ.

ಮೇವು ಸರಿಯಿದ್ದೂ ದನ ಸೊರಗಿ ಗದ್ದದ ಕೆಳಗೆ ಬಾವು ಬಂದರೆ ದೋಷ ಮಣ್ಣಿನದಲ್ಲ, ಯಕೃತ್ತಿನ ಹುಳದ್ದು. ಅದನ್ನು ಹೊರುವ ಪುಟ್ಟ ಬಸವನಹುಳು ಬದುಕುವುದು ಈ ಜೌಗಿನ ಅಂಚಿನಲ್ಲೇ. ಆ ಅಂಚಿಗೆ ದನ ಬಿಡದೆ ಹುಲ್ಲನ್ನು ಕೊಯ್ದು, ಬಿಸಿಲಿಗೆ ಗರಿಗರಿಯಾಗುವಷ್ಟು ಒಣಗಿಸಿ ಹಾಕಿ. ಅರೆಒಣ ಹುಲ್ಲಿನಲ್ಲಿ ಹುಳದ ಮರಿ ಬದುಕಿ ಉಳಿಯುತ್ತದೆ. ಬಯಲನ್ನು ಪೂರ್ತಿ ಬಸಿದು ಒಣಗಿಸುವ ಆಸೆಗೆ ಮಾತ್ರ ಬೀಳಬೇಡಿ. ಮಳೆಗಾಲದ ಆ ತೆಳು ನೀರೇ ಈ ಹುಲ್ಲನ್ನು, ಈ ಕ್ಲೋವರನ್ನು ಬೆಳೆಸಿದ್ದು; ಗಾವಲಿನಲ್ಲಿ ತೋಡಬೇಕಾದದ್ದು ಹೊರಗಿನಿಂದ ಹೊಸದಾಗಿ ಬಂದ ನೀರಿಗಷ್ಟೇ ಕಾಲುವೆ.